ಸಂಶೋಧನಾ ಪ್ರಬಂಧದಲ್ಲಿ ಆಕರಗಳ ಉಲ್ಲೇಖ: ಓದುವ ದಿನದಿಂದ ಒಪ್ಪಿಸುವ ದಿನದವರೆಗೆ

1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಸಂಪಾದಕರಿಗೆ ಬರೆದ ಪತ್ರವೊಂದು ಅಚ್ಚಾಯಿತು. ಇಡೀ ಪತ್ರ ಐದೇ ವಾಕ್ಯ. ಆಸ್ಪತ್ರೆಗೆ ದಾಖಲಾಗಿ ಅಫೀಮು ಜಾತಿಯ ನೋವುನಿವಾರಕ ಪಡೆದ 11,882 ರೋಗಿಗಳ ದಾಖಲೆ ನೋಡಿದಾಗ, ಹಿಂದೆ ಚಟದ ಚರಿತ್ರೆ ಇಲ್ಲದವರಲ್ಲಿ ಹೊಸದಾಗಿ ಚಟಕ್ಕೆ ಬಿದ್ದವರು ನಾಲ್ಕೇ ಮಂದಿ ಎಂದು ಅದರಲ್ಲಿತ್ತು. 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಒಂದು ಪರಿಶೀಲನೆ, ಈ ಪತ್ರವನ್ನು ಉಲ್ಲೇಖಿಸಿದ 608 ಬರಹಗಳನ್ನು ಹುಡುಕಿ ತೆಗೆಯಿತು. ಅವುಗಳಲ್ಲಿ ಶೇ. 72ರಷ್ಟು ಬರಹಗಳು, ಈ ಔಷಧಿಗಳಿಂದ ಚಟ ಹತ್ತುವುದು ಅಪರೂಪ ಎನ್ನುವುದಕ್ಕೆ ಆ ಐದು ವಾಕ್ಯಗಳನ್ನೇ ಸಾಕ್ಷಿಯಾಗಿ ನಿಲ್ಲಿಸಿದ್ದವು. ಆ ರೋಗಿಗಳೆಲ್ಲ ಆಸ್ಪತ್ರೆಯೊಳಗೆ ಇದ್ದವರು ಎಂಬುದನ್ನು ಶೇ. 80ಕ್ಕೂ ಹೆಚ್ಚು ಬರಹಗಳು ಹೇಳಿರಲೇ ಇಲ್ಲ. ಮನೆಯಲ್ಲಿ ಕೂತು ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಬಗ್ಗೆ ಮೂಲ ಪತ್ರದಲ್ಲಿ ಒಂದು ಮಾತೂ ಇಲ್ಲ.

ಆ 608 ಬರಹಗಳ ಕೊನೆಯ ಪಟ್ಟಿಯಲ್ಲಿ ಹೆಸರು, ವರ್ಷ, ಸಂಪುಟ, ಪುಟ ಎಲ್ಲವೂ ಅಚ್ಚುಕಟ್ಟಾಗಿದ್ದರೂ ಈ ತಪ್ಪು ತಪ್ಪುತ್ತಿರಲಿಲ್ಲ. ಉಲ್ಲೇಖ ಎಂದಕೂಡಲೇ ವಿದ್ಯಾರ್ಥಿಗಳು ಮೊದಲು ಕೇಳುವುದು "ಅಲ್ಪವಿರಾಮ ಎಲ್ಲಿ ಹಾಕಬೇಕು, ಯಾವುದನ್ನು ಓರೆ ಅಕ್ಷರದಲ್ಲಿ ಬರೆಯಬೇಕು" ಎಂಬ ಪ್ರಶ್ನೆಗಳನ್ನು. ಅವಕ್ಕೂ ಉತ್ತರ ಕೊಡುತ್ತೇನೆ. ಆದರೆ ಉಲ್ಲೇಖದ ಕೆಲಸ ಅದಕ್ಕಿಂತ ದೊಡ್ಡದು. ನಿಮ್ಮ ವಾಕ್ಯವನ್ನು ಓದಿ ಅನುಮಾನಪಟ್ಟ ಒಬ್ಬ ಓದುಗ, ನೀವು ಕೊಟ್ಟ ವಿವರ ಹಿಡಿದು ಹೊರಟರೆ, ಅದೇ ಪುಟಕ್ಕೆ ತಲುಪಬೇಕು. ತಲುಪಿದ ಮೇಲೆ, ನೀವು ಇದೆ ಎಂದದ್ದು ಅಲ್ಲಿ ಇರಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಎರಡನ್ನು ಖಚಿತಪಡಿಸಿಕೊಳ್ಳುವ ದಾರಿಗಳು.

## ಮೊದಲ ಹೆಜ್ಜೆ: ಓದುವಾಗಲೇ ಬರೆದಿಟ್ಟುಕೊಳ್ಳುವುದು

ಪ್ರಬಂಧ ಮುಗಿದ ಮೇಲೆ ಆಕರಪಟ್ಟಿ ಮಾಡೋಣ ಎಂದು ಮುಂದೂಡಿದವರು ಕೊನೆಯ ವಾರ ಪಡುವ ಪಾಡು ಹೇಳತೀರದು. ಗ್ರಂಥಾಲಯಕ್ಕೆ ಹಿಂತಿರುಗಿಸಿದ ಪುಸ್ತಕವನ್ನು ಬೇರೆ ಯಾರೋ ಕೊಂಡೊಯ್ದಿರುತ್ತಾರೆ, ಟಿಪ್ಪಣಿಯಲ್ಲಿ "ಪು. 84" ಎಂದಿರುತ್ತದೆ, ಯಾವ ಪುಸ್ತಕದ 84 ಎಂಬುದು ಇರುವುದಿಲ್ಲ. ಆದ್ದರಿಂದ ಆಕರ ಕೈಯಲ್ಲಿರುವಾಗಲೇ, ಅದರಿಂದ ಒಂದು ಸಾಲು ಎತ್ತಿಕೊಳ್ಳುವ ಮುಂಚೆಯೇ, ಅದರ ಗುರುತನ್ನು ಪೂರ್ತಿ ಬರೆದುಕೊಳ್ಳಿ.

ಪುಸ್ತಕವಾದರೆ ಲೇಖಕರ ಹೆಸರು, ಉಪಶೀರ್ಷಿಕೆಯೂ ಸೇರಿದ ಪೂರ್ತಿ ಶೀರ್ಷಿಕೆ, ಆವೃತ್ತಿ, ಪ್ರಕಾಶಕರು, ಊರು, ವರ್ಷ. ಅನುವಾದವಾಗಿದ್ದರೆ ಅನುವಾದಕರು, ಸಂಪಾದಿತ ಗ್ರಂಥವಾಗಿದ್ದರೆ ಸಂಪಾದಕರು. ಮೊಬೈಲಿನಲ್ಲಿ ಶೀರ್ಷಿಕೆ ಪುಟದ ಮತ್ತು ಅದರ ಬೆನ್ನಿಗಿರುವ ಪುಟದ ಫೋಟೊ ತೆಗೆದಿಟ್ಟುಕೊಂಡರೆ ಈ ವಿವರಗಳೆಲ್ಲ ಒಟ್ಟಿಗೇ ಸಿಗುತ್ತವೆ. ಹೊರಗಿನ ರಕ್ಷಾಪುಟವನ್ನು ನಂಬಬೇಡಿ, ಅಲ್ಲಿ ಶೀರ್ಷಿಕೆಯನ್ನು ಮೊಟಕುಗೊಳಿಸಿರುವುದುಂಟು. ಪತ್ರಿಕೆಯ ಲೇಖನವಾದರೆ ಲೇಖಕರೆಲ್ಲರ ಹೆಸರು, ವರ್ಷ, ಲೇಖನದ ಶೀರ್ಷಿಕೆ, ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ಮೊದಲ ಮತ್ತು ಕೊನೆಯ ಪುಟ, ಡಿಒಐ ಸಂಖ್ಯೆ (ಜಾಲದಲ್ಲಿ ಲೇಖನವನ್ನು ಗುರುತಿಸುವ ಶಾಶ್ವತ ಸಂಖ್ಯೆ). ಜಾಲತಾಣವಾದರೆ ಇವುಗಳ ಜೊತೆಗೆ ನೀವು ನೋಡಿದ ದಿನಾಂಕ.

ಆವೃತ್ತಿ ಮತ್ತು ಮುದ್ರಣ ಒಂದೇ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮರುಮುದ್ರಣದಲ್ಲಿ ಸಾಮಾನ್ಯವಾಗಿ ಪಠ್ಯ ಬದಲಾಗುವುದಿಲ್ಲ, ಹೊಸ ಆವೃತ್ತಿಯಲ್ಲಿ ಬದಲಾಗುತ್ತದೆ. ಡಾರ್ವಿನ್‌ನ ಜೀವಿಸಂಕುಲಗಳ ಉಗಮ ಕುರಿತ ಗ್ರಂಥ ಮೊದಲು ಬಂದದ್ದು 1859ರಲ್ಲಿ. "ಸಮರ್ಥರ ಉಳಿವು" ಎಂದು ನಾವೆಲ್ಲ ಅವನ ಬಾಯಿಗೆ ಹಾಕುವ ಮಾತು ಆ ಆವೃತ್ತಿಯಲ್ಲಿಲ್ಲ. ಆ ನುಡಿಗಟ್ಟು ಹರ್ಬರ್ಟ್ ಸ್ಪೆನ್ಸರನದು. ಡಾರ್ವಿನ್ ಅದನ್ನು ತನ್ನ ಗ್ರಂಥಕ್ಕೆ ಸೇರಿಸಿಕೊಂಡದ್ದು 1869ರ ಐದನೆಯ ಆವೃತ್ತಿಯಲ್ಲಿ. ಯಾರಾದರೂ ಈ ಮಾತನ್ನು ಉದ್ಧರಿಸಿ "ಡಾರ್ವಿನ್, 1859" ಎಂದು ಬರೆದರೆ, ಓದುಗ ಆ ಪುಸ್ತಕವನ್ನು ಎಷ್ಟು ತಿರುವಿದರೂ ಅದು ಸಿಗುವುದಿಲ್ಲ. ನೀವು ಕೈಯಲ್ಲಿ ಹಿಡಿದು ಓದಿದ ಆವೃತ್ತಿಯನ್ನೇ ಉಲ್ಲೇಖಿಸಿ, ಹೆಚ್ಚು ಪ್ರಸಿದ್ಧವಾದದ್ದನ್ನಲ್ಲ.

ಟಿಪ್ಪಣಿ ಮಾಡುವ ಕ್ರಮದಲ್ಲಿ ಒಂದು ಶಿಸ್ತು ಇರಲೇಬೇಕು. ಆಕರದ ಮಾತನ್ನು ಇದ್ದಂತೆಯೇ ಬರೆದುಕೊಂಡಿದ್ದರೆ ಆಗಲೇ ಉದ್ಧರಣ ಚಿಹ್ನೆ ಹಾಕಿ, ಪುಟಸಂಖ್ಯೆ ಬರೆಯಿರಿ. ನಿಮ್ಮ ಮಾತಿನಲ್ಲಿ ಸಾರ ಬರೆದುಕೊಂಡಿದ್ದರೆ ಅದಕ್ಕೆ ಬೇರೆ ಗುರುತು. ಓದುವಾಗ ನಿಮಗೇ ಹೊಳೆದ ವಿಚಾರಕ್ಕೆ ಇನ್ನೊಂದು ಗುರುತು. ಈ ಮೂರೂ ಬೆರೆತುಹೋದ ನೋಟುಪುಸ್ತಕವೇ, ಕದಿಯುವ ಉದ್ದೇಶ ಎಳ್ಳಷ್ಟೂ ಇಲ್ಲದವರನ್ನೂ ಕೃತಿಚೌರ್ಯದ ಆರೋಪಕ್ಕೆ ಒಡ್ಡುತ್ತದೆ. ಆರು ತಿಂಗಳ ನಂತರ ತಿರುವಿ ನೋಡುವಾಗ, ಯಾವ ಸಾಲು ಯಾರದು ಎಂದು ನೆನಪಿನಿಂದ ಹೇಳಲು ಯಾರಿಗೂ ಆಗುವುದಿಲ್ಲ.

## ಎರಡನೆಯದು: ಯಾವುದಕ್ಕೆ ಆಕರ ಬೇಕು?

ಬೇರೆಯವರ ಮಾತು, ಬೇರೆಯವರ ಅಂಕಿಅಂಶ, ಬೇರೆಯವರ ವಾದ, ಬೇರೆಯವರು ರೂಪಿಸಿದ ವಿಧಾನ, ಬೇರೆಯವರ ಚಿತ್ರ, ನಕ್ಷೆ, ಕೋಷ್ಟಕ — ಇವೆಲ್ಲಕ್ಕೂ ಬೇಕು. ಉದ್ಧರಣ ಚಿಹ್ನೆಯೊಳಗೆ ಹಾಕಿದ್ದಕ್ಕೆ ಮಾತ್ರ ಆಕರ ಸಾಕು ಎಂಬ ನಂಬಿಕೆ ಬಹಳ ಜನರಲ್ಲಿದೆ, ಅದು ತಪ್ಪು. ವಿಚಾರ ಅವರದ್ದಾಗಿದ್ದರೆ ಮಾತು ನಿಮ್ಮದಾದರೂ ಆಕರ ಹೇಳಲೇಬೇಕು. ನೀವೇ ಹಿಂದೆ ಪ್ರಕಟಿಸಿದ ಲೇಖನದಿಂದ ಎತ್ತಿಕೊಂಡರೂ ಹೇಳಬೇಕು. ಹಳೆಯದನ್ನು ಹೊಸದೆಂದು ತೋರಿಸುವುದು ಓದುಗರಿಗೆ ಮಾಡುವ ಮೋಸ.

ಎಲ್ಲರಿಗೂ ಗೊತ್ತಿರುವ ಸಂಗತಿಗೆ ಬೇಡ. ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಎನ್ನುವುದಕ್ಕೆ ಆಕರ ಕೊಟ್ಟರೆ ಓದುಗರಿಗೆ ಕಿರಿಕಿರಿ. "ಎಲ್ಲರಿಗೂ" ಎಂದರೆ ನಿಮ್ಮ ಪ್ರಬಂಧವನ್ನು ಓದುವ ವಿದ್ವಾಂಸ ವಲಯ ಎಂದು ತಿಳಿಯಿರಿ. ಅನುಮಾನ ಬಂದರೆ ಆಕರ ಕೊಡುವುದೇ ವಾಸಿ. ಆದರೆ ಒಂದು ಸಾಧಾರಣ ವಾಕ್ಯದ ಬಾಲಕ್ಕೆ ಏಳೆಂಟು ಹೆಸರು ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಅದು ಓದಿನ ಆಳವನ್ನು ತೋರಿಸುವುದಿಲ್ಲ. ಯಾವ ಆಕರ ಏನನ್ನು ಹೇಳಿತು ಎಂಬುದನ್ನು ಮುಚ್ಚಿಬಿಡುತ್ತದೆ. ಅತ್ಯಂತ ಗಟ್ಟಿಯಾದ ಒಂದೆರಡನ್ನು ಆರಿಸಿ ಇಡಿ.

## ಮೂರನೆಯದು: ಶೈಲಿಯನ್ನು ಗೊತ್ತುಮಾಡಿಕೊಳ್ಳುವುದು

ಇದು ನೀವು ಆರಿಸಬೇಕಾದದ್ದಲ್ಲ, ಕೇಳಿ ತಿಳಿಯಬೇಕಾದದ್ದು. ಪತ್ರಿಕೆಗೆ ಕಳಿಸುವುದಾದರೆ ಅದು ಲೇಖಕರಿಗೆ ಕೊಡುವ ಸೂಚನೆಗಳಲ್ಲಿ ಇರುತ್ತದೆ, ವಿಶ್ವವಿದ್ಯಾಲಯಕ್ಕಾದರೆ ವಿಭಾಗವೋ ಮಾರ್ಗದರ್ಶಕರೋ ಹೇಳುತ್ತಾರೆ. ಬರೆಯುವ ಮುಂಚೆಯೇ ಕೇಳಿಕೊಳ್ಳಿ.

ನೂರಾರು ಶೈಲಿಗಳಿದ್ದರೂ ಕುಟುಂಬಗಳು ಕೆಲವೇ. ಲೇಖಕ-ವರ್ಷ ಪದ್ಧತಿಯಲ್ಲಿ ಪಠ್ಯದ ನಡುವೆಯೇ ಆವರಣದಲ್ಲಿ ಹೆಸರು ಮತ್ತು ವರ್ಷ ಬರುತ್ತವೆ. 1881ರಲ್ಲಿ ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ತಮ್ಮ ಪ್ರಬಂಧದಲ್ಲಿ ಬಳಸಿದ್ದು ಇದರ ಮೊದಲ ಮಾದರಿ ಎನ್ನುತ್ತಾರೆ. ಹಾರ್ವರ್ಡ್ ಶೈಲಿ ಎಂಬ ಹೆಸರಿಗೂ ಅದೇ ಮೂಲ. ಸಮಾಜವಿಜ್ಞಾನ, ಮನೋವಿಜ್ಞಾನ, ಶಿಕ್ಷಣ ಕ್ಷೇತ್ರಗಳಲ್ಲಿ ನಡೆಯುವ ಎಪಿಎ ಶೈಲಿಯೂ ಇದೇ ಕುಟುಂಬದ್ದು. ಸಾಹಿತ್ಯ ಮತ್ತು ಭಾಷಾ ಅಧ್ಯಯನದವರ ಎಂಎಲ್‌ಎ ಶೈಲಿಯಲ್ಲಿ ವರ್ಷದ ಜಾಗದಲ್ಲಿ ಪುಟಸಂಖ್ಯೆ ಕೂರುತ್ತದೆ. ಇತಿಹಾಸಕಾರರಿಗೆ ಇಷ್ಟವಾದದ್ದು ಷಿಕಾಗೊ ಕೈಪಿಡಿಯ ಅಡಿಟಿಪ್ಪಣಿ ಪದ್ಧತಿ. 1906ರಲ್ಲಿ ಮೊದಲು ಬಂದ ಈ ಕೈಪಿಡಿ 2024ರಲ್ಲಿ 18ನೆಯ ಆವೃತ್ತಿ ಕಂಡಿದೆ. ಅದೇ ಕೈಪಿಡಿಯಲ್ಲಿ ಲೇಖಕ-ವರ್ಷ ಪದ್ಧತಿಯೂ ಇದೆ, ಹಾಗಾಗಿ "ಷಿಕಾಗೊ" ಎಂದರೆ ಯಾವುದು ಎಂದು ಮತ್ತೊಮ್ಮೆ ಕೇಳಿ. ವೈದ್ಯಕೀಯ ಪತ್ರಿಕೆಗಳ ವ್ಯಾಂಕೂವರ್ ಶೈಲಿ ಮತ್ತು ಎಂಜಿನಿಯರಿಂಗ್‌ನ ಐಇಇಇ ಶೈಲಿಗಳಲ್ಲಿ ಬರೀ ಸಂಖ್ಯೆ. ವ್ಯಾಂಕೂವರ್ ಹೆಸರು ಬಂದದ್ದು, 1978ರಲ್ಲಿ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಆ ನಗರದಲ್ಲಿ ಸೇರಿ ಏಕರೂಪದ ನಿಯಮ ಮಾಡಿಕೊಂಡದ್ದರಿಂದ.

ಶೈಲಿಗೂ ಆವೃತ್ತಿಗಳಿವೆ. ಎಪಿಎ ಏಳನೆಯ ಆವೃತ್ತಿ 2019ರ ಕೊನೆಗೆ ಬಂದಾಗ ಪ್ರಕಾಶಕರ ಊರನ್ನು ಬರೆಯುವುದು ನಿಂತಿತು. ಮೂರು ಅಥವಾ ಹೆಚ್ಚು ಲೇಖಕರಿದ್ದರೆ ಪಠ್ಯದೊಳಗೆ ಮೊದಲ ಸಲದಿಂದಲೇ "ಮತ್ತು ಇತರರು" ಎಂದರೆ ಸಾಕು ಎಂದಾಯಿತು. ಹಳೆಯ ಪ್ರಬಂಧವೊಂದನ್ನು ಮಾದರಿಯಾಗಿ ಇಟ್ಟುಕೊಂಡು ನಕಲು ಮಾಡುವವರು ಹಳೆಯ ನಿಯಮವನ್ನೂ ನಕಲು ಮಾಡುತ್ತಾರೆ.

## ನಾಲ್ಕನೆಯದು: ಪಠ್ಯದೊಳಗೆ ಉಲ್ಲೇಖಿಸುವುದು

ಡಿಎನ್‌ಎ ರಚನೆಯನ್ನು ಪ್ರಕಟಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಲೇಖನವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಎಪಿಎ ಶೈಲಿಯಲ್ಲಿ: (ವಾಟ್ಸನ್ ಮತ್ತು ಕ್ರಿಕ್, 1953, ಪು. 737)
ಎಂಎಲ್‌ಎ ಶೈಲಿಯಲ್ಲಿ: (ವಾಟ್ಸನ್ ಮತ್ತು ಕ್ರಿಕ್ 737)
ಐಇಇಇ ಶೈಲಿಯಲ್ಲಿ: [1]
ಷಿಕಾಗೊ ಅಡಿಟಿಪ್ಪಣಿಯಲ್ಲಿ: ವಾಕ್ಯದ ಕೊನೆಗೆ ಮೇಲೆತ್ತಿದ ಅಂಕಿ, ಪುಟದ ಬುಡದಲ್ಲಿ ಮೊದಲ ಸಲ ಪೂರ್ತಿ ವಿವರ, ಆಮೇಲಿಂದ ಲೇಖಕರ ಹೆಸರು, ಮೊಟಕು ಶೀರ್ಷಿಕೆ, ಪುಟ.

ಲೇಖಕರ ಹೆಸರು ನಿಮ್ಮ ವಾಕ್ಯದೊಳಗೇ ಬಂದಿದ್ದರೆ ಆವರಣದಲ್ಲಿ ಮತ್ತೆ ಬರೆಯಬೇಕಿಲ್ಲ: "ವಾಟ್ಸನ್ ಮತ್ತು ಕ್ರಿಕ್ (1953) ಎರಡು ಎಳೆಗಳ ರಚನೆಯನ್ನು ಮುಂದಿಟ್ಟರು." ಒಬ್ಬರದೇ ಎರಡು ಕೃತಿಗಳು ಒಂದೇ ವರ್ಷ ಬಂದಿದ್ದರೆ ವರ್ಷದ ಬೆನ್ನಿಗೆ ಅಕ್ಷರ ಸೇರಿಸಿ ಬೇರೆ ಮಾಡಿ, ಕೊನೆಯ ಪಟ್ಟಿಯಲ್ಲೂ ಅದೇ ಅಕ್ಷರ ಇರಲಿ. ನೇರ ಉದ್ಧರಣೆಗೆ ಪುಟಸಂಖ್ಯೆ ಕಡ್ಡಾಯ. ಸಾರಾಂಶಕ್ಕೆ ಕೆಲವು ಶೈಲಿಗಳು ಕೇಳುವುದಿಲ್ಲ. ಕೇಳದಿದ್ದರೂ ಕೊಡಿ ಎಂದೇ ನನ್ನ ಸಲಹೆ. ನಾನೂರು ಪುಟದ ಪುಸ್ತಕದ ಹೆಸರು ಹೇಳಿ "ಅಲ್ಲೆಲ್ಲೋ ಇದೆ" ಎಂದು ಓದುಗರನ್ನು ಅಟ್ಟುವುದು ನ್ಯಾಯವಲ್ಲ.

ಉದ್ದನೆಯ ಉದ್ಧರಣೆಯನ್ನು ಉದ್ಧರಣ ಚಿಹ್ನೆ ಇಲ್ಲದೆ, ಅಂಚಿನಿಂದ ಒಳಗೆ ಸರಿಸಿ, ಪ್ರತ್ಯೇಕ ಪ್ಯಾರಾ ಮಾಡಬೇಕು. ಎಪಿಎ ಪ್ರಕಾರ 40 ಪದ ಮುಟ್ಟಿದರೆ, ಎಂಎಲ್‌ಎ ಪ್ರಕಾರ ಗದ್ಯ ನಾಲ್ಕು ಸಾಲು ದಾಟಿದರೆ, ಷಿಕಾಗೊ ಪ್ರಕಾರ ಸುಮಾರು 100 ಪದವಾದರೆ. ನಡುವೆ ಬಿಟ್ಟ ಕಡೆ ಮೂರು ಚುಕ್ಕಿ, ನೀವು ಸೇರಿಸಿದ ಪದಕ್ಕೆ ಚೌಕ ಆವರಣ. ಬಿಟ್ಟ ಭಾಗದಲ್ಲಿ "ಆದರೆ" ಎಂದು ಶುರುವಾಗುವ ಮಾತಿದ್ದರೆ ಬಿಡುವ ಮುಂಚೆ ಯೋಚಿಸಿ. ಲೇಖಕರು ಹಾಕಿಕೊಂಡ ಮಿತಿಯನ್ನೇ ಕತ್ತರಿಸಿ ತೆಗೆದರೆ ಉದ್ಧರಣೆ ಅಕ್ಷರಕ್ಕೆ ಸರಿಯಿದ್ದರೂ ಅರ್ಥಕ್ಕೆ ಸುಳ್ಳಾಗುತ್ತದೆ.

ಇನ್ನು ನಿಮ್ಮ ಸ್ವಂತ ಮಾತಿನಲ್ಲಿ ಹೇಳುವುದು. ಅತಿ ಹೆಚ್ಚು ಜನ ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಂತು ನೋಡೋಣ. ಉದಾಹರಣೆಗೆಂದು ನಾನೇ ಹೆಣೆದ ವಾಕ್ಯವನ್ನು ಮೂಲ ಎಂದುಕೊಳ್ಳಿ:

"ನಿದ್ದೆ ಕಡಿಮೆಯಾದ ವಿದ್ಯಾರ್ಥಿಗಳಲ್ಲಿ ಗಮನ ಬೇಗ ಚದುರುತ್ತದೆ, ಆದರೆ ನೆನಪಿನ ಶಕ್ತಿಯ ಮೇಲೆ ಆಗುವ ಪರಿಣಾಮ ಎಲ್ಲರಲ್ಲೂ ಒಂದೇ ತೆರನಾಗಿಲ್ಲ."

ಒಬ್ಬರು ಹೀಗೆ ಬರೆಯುತ್ತಾರೆ: "ನಿದ್ರೆ ಕಮ್ಮಿಯಾದ ವಿದ್ಯಾರ್ಥಿಗಳಲ್ಲಿ ಏಕಾಗ್ರತೆ ಬೇಗನೆ ಭಂಗವಾಗುತ್ತದೆ, ಆದರೆ ಸ್ಮರಣಶಕ್ತಿಯ ಮೇಲಾಗುವ ಪರಿಣಾಮ ಎಲ್ಲರಿಗೂ ಒಂದೇ ರೀತಿಯದ್ದಲ್ಲ." ನಿದ್ದೆ ಹೋಗಿ ನಿದ್ರೆ ಬಂತು, ನೆನಪು ಹೋಗಿ ಸ್ಮರಣೆ ಬಂತು. ವಾಕ್ಯದ ಕಟ್ಟು ಹಾಗೇ ಇದೆ. ಆಕರ ಕೊಟ್ಟರೂ ಇದು ಕೃತಿಚೌರ್ಯವೇ, ಏಕೆಂದರೆ ಮಾತು ನಿಮ್ಮದೆಂದು ತೋರಿಸಿ ಅವರ ಮಾತನ್ನೇ ಇಟ್ಟಿದ್ದೀರಿ.

ಇನ್ನೊಬ್ಬರು: "ನಿದ್ದೆಗೆಟ್ಟರೆ ವಿದ್ಯಾರ್ಥಿಗಳ ಗಮನವೂ ನೆನಪೂ ಕೆಡುತ್ತವೆ." ಮಾತು ಸ್ವಂತದ್ದು, ವಿಷಯ ತಪ್ಪು. ನೆನಪಿನ ಬಗ್ಗೆ ಮೂಲ ಇಷ್ಟು ಖಡಾಖಂಡಿತವಾಗಿ ಹೇಳಿಲ್ಲ. ನನ್ನ ಕಣ್ಣಿಗೆ ಇದು ಮೊದಲನೆಯದಕ್ಕಿಂತ ಹೆಚ್ಚು ಅಪಾಯದ ತಪ್ಪು: ಹೋಲಿಕೆ ಹುಡುಕುವ ಸಾಫ್ಟ್‌ವೇರ್‌ಗೆ ಇದು ಸಿಕ್ಕಿಬೀಳುವುದಿಲ್ಲ.

ಸರಿಯಾದದ್ದು ಹೀಗಿರಬಹುದು: "ನೆನಪಿನ ವಿಷಯದಲ್ಲಿ ಫಲಿತಾಂಶ ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ ಬೇರೆಯಾಗಿದ್ದರೂ, ನಿದ್ದೆಗೆಟ್ಟವರು ಹೆಚ್ಚು ಹೊತ್ತು ಗಮನ ಹಿಡಿದಿಡಲಾರರು ಎಂದು ಲೇಖಕರು ಹೇಳುತ್ತಾರೆ." ಇಂಥ ವಾಕ್ಯ ಬರೆಯುವ ದಾರಿ ಸುಲಭ. ಮೂಲವನ್ನು ಎರಡು ಸಲ ಓದಿ ಪುಸ್ತಕ ಮುಚ್ಚಿ. ಎದುರಿಗಿರುವ ಗೆಳೆಯರಿಗೆ ಹೇಳುವಂತೆ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ: ಅರ್ಥ ಒಂದೇ ಇದೆಯೇ, ಮಾತು ಬೇರೆ ಇದೆಯೇ? ಮೂಲದ ಒಂದು ಪದಗುಚ್ಛ ಬಿಡಲಾಗದಷ್ಟು ಚೆನ್ನಾಗಿದ್ದರೆ ಅಷ್ಟನ್ನು ಮಾತ್ರ ಉದ್ಧರಣ ಚಿಹ್ನೆಯೊಳಗೆ ಇಡಿ.

ಒಂದು ಪ್ಯಾರಾದಲ್ಲಿ ಎಂಟು ವಾಕ್ಯ ಬರೆದು ಕೊನೆಯಲ್ಲಿ ಒಂದೇ ಆಕರ ಕೊಟ್ಟರೆ, ಎಷ್ಟು ವಾಕ್ಯ ಆಕರದ್ದು, ಎಷ್ಟು ನಿಮ್ಮದು ಎಂದು ತಿಳಿಯುವುದಿಲ್ಲ. ಮೊದಲ ವಾಕ್ಯದಲ್ಲೇ ಲೇಖಕರ ಹೆಸರು ತಂದು, "ಅವರ ಪ್ರಕಾರ", "ಅದೇ ಲೇಖನದಲ್ಲಿ ಮುಂದುವರಿದು" ಎಂದು ಎಳೆ ಹಿಡಿದು, ನಿಮ್ಮ ಮಾತು ಶುರುವಾದಾಗ "ಇದನ್ನು ನೋಡಿದರೆ ನನಗೆ ಕಾಣುವುದು" ಎಂದು ಗೆರೆ ಎಳೆಯಿರಿ.

## ಐದನೆಯದು: ಮೂಲ ಕೈಗೆ ಸಿಗದಿದ್ದರೆ

ಒಂದು ಲೇಖನ ಓದುತ್ತಿದ್ದೀರಿ, ಅದರಲ್ಲಿ ಇನ್ನೊಂದು ಹಳೆಯ ಲೇಖನದ ಮಾತು ಇದೆ, ಅದು ನಿಮಗೆ ಬೇಕು. ಹಳೆಯದನ್ನು ಹುಡುಕಿ ಓದುವುದೇ ಸರಿಯಾದ ಕ್ರಮ. ಗ್ರಂಥಾಲಯದವರನ್ನು ಕೇಳಿ, ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ವ್ಯವಸ್ಥೆ ಬಹಳ ಕಡೆ ಇದೆ. ಲೇಖಕರಿಗೇ ಬರೆದು ಕೇಳಿದರೂ ಪ್ರತಿ ಕಳಿಸುವವರುಂಟು. ಏನೂ ಆಗದಿದ್ದರೆ, ಯಾರ ಮೂಲಕ ಓದಿದಿರೋ ಅದನ್ನು ಪ್ರಾಮಾಣಿಕವಾಗಿ ಹೇಳಿ: ಮೂಲ ಲೇಖಕರ ಹೆಸರು, ಆಮೇಲೆ "ಇವರಲ್ಲಿ ಉಲ್ಲೇಖಿತ" ಎಂದು ನೀವು ಓದಿದ ಲೇಖಕರ ಹೆಸರು. ಕೊನೆಯ ಪಟ್ಟಿಯಲ್ಲಿ ಎಪಿಎ ಮತ್ತು ಎಂಎಲ್‌ಎ ಪ್ರಕಾರ ಬರಬೇಕಾದದ್ದು ನೀವು ಓದಿದ್ದು ಮಾತ್ರ.

ಓದದ್ದನ್ನು ಓದಿದಂತೆ ಪಟ್ಟಿಗೆ ಸೇರಿಸುವುದು ಎಷ್ಟು ವ್ಯಾಪಕ ಎಂಬುದಕ್ಕೆ ಒಂದು ಜಾಣ ಲೆಕ್ಕ ಇದೆ. ಸಿಮ್ಕಿನ್ ಮತ್ತು ರಾಯ್‌ಚೌಧರಿ ಎಂಬ ಇಬ್ಬರು 2003ರಲ್ಲಿ, ಒಂದು ಪ್ರಸಿದ್ಧ ಲೇಖನದ ಸಂಪುಟ, ಪುಟಸಂಖ್ಯೆಗಳನ್ನು ಉಲ್ಲೇಖಿಸುವಾಗ ಬಿದ್ದ ಅಚ್ಚುತಪ್ಪುಗಳನ್ನು ಹಿಂಬಾಲಿಸಿದರು. ಒಂದೇ ತಪ್ಪು ಅಂಕಿ ಒಂದು ಪಟ್ಟಿಯಿಂದ ಮತ್ತೊಂದಕ್ಕೆ ದಾಟುತ್ತ ಹೋಗಿತ್ತು; ಮೂಲವನ್ನು ತೆರೆದಿದ್ದರೆ ಅದು ಅಲ್ಲೇ ಸರಿಯಾಗಬೇಕಿತ್ತು. ಇದರಿಂದ ಅವರು ಕಟ್ಟಿದ ಅಂದಾಜಿನ ಪ್ರಕಾರ, ಉಲ್ಲೇಖಿಸುವವರಲ್ಲಿ ಮೂಲವನ್ನು ಓದುವವರು ಸುಮಾರು ಶೇ. 20 ಮಾತ್ರ.

ಪಾಲಕ್ ಸೊಪ್ಪಿನ ಕಥೆ ಇನ್ನೂ ಕುತೂಹಲದ್ದು. ದಶಮಾಂಶ ಬಿಂದು ತಪ್ಪಾಗಿ ಬಿದ್ದದ್ದರಿಂದ ಪಾಲಕ್‌ನಲ್ಲಿ ಹತ್ತು ಪಟ್ಟು ಕಬ್ಬಿಣವಿದೆ ಎಂಬ ಮೂಢನಂಬಿಕೆ ಹಬ್ಬಿತು ಎಂದು ವಿಜ್ಞಾನ ಬರಹಗಳಲ್ಲಿ ಎಷ್ಟೋ ಕಾಲ ಬರೆಯುತ್ತಿದ್ದರು, ಅಜಾಗರೂಕತೆಯ ವಿರುದ್ಧ ಎಚ್ಚರಿಕೆಯಾಗಿ. ನಾರ್ವೆಯ ಓಲೆ ಬ್ಯೋರ್ನ್ ರೆಕ್ಡಾಲ್ 2014ರ ಲೇಖನದಲ್ಲಿ ತೋರಿಸಿದಂತೆ, ಆ ದಶಮಾಂಶದ ಕಥೆಗೇ ಗಟ್ಟಿ ಆಧಾರವಿಲ್ಲ. ಒಬ್ಬರನ್ನೊಬ್ಬರು ಉಲ್ಲೇಖಿಸುತ್ತ ಬೆಳೆಸಿದ ಕಥೆ ಅದು. ಎಚ್ಚರಿಕೆ ಹೇಳುವವರೇ ಮೂಲ ನೋಡಿರಲಿಲ್ಲ.

## ಆರನೆಯದು: ಕೊನೆಯ ಪಟ್ಟಿ

ವಾಟ್ಸನ್ ಮತ್ತು ಕ್ರಿಕ್ ಲೇಖನ ಎಪಿಎ ಪಟ್ಟಿಯಲ್ಲಿ ಹೀಗೆ ಬರುತ್ತದೆ:

ವಾಟ್ಸನ್, ಜೆ. ಡಿ., ಮತ್ತು ಕ್ರಿಕ್, ಎಫ್. ಎಚ್. ಸಿ. (1953). ಮಾಲಿಕ್ಯುಲರ್ ಸ್ಟ್ರಕ್ಚರ್ ಆಫ್ ನ್ಯೂಕ್ಲಿಯಿಕ್ ಆಸಿಡ್ಸ್: ಎ ಸ್ಟ್ರಕ್ಚರ್ ಫಾರ್ ಡಿಆಕ್ಸಿರೈಬೋಸ್ ನ್ಯೂಕ್ಲಿಯಿಕ್ ಆಸಿಡ್. ನೇಚರ್, 171(4356), 737–738.

ಇದನ್ನು ಬಿಡಿಸಿ ಓದಲು ಕಲಿತರೆ ಎಲ್ಲ ಶೈಲಿಗಳೂ ಸುಲಭ. ಯಾರು, ಯಾವಾಗ, ಏನು, ಎಲ್ಲಿ — ನಾಲ್ಕೇ ಪ್ರಶ್ನೆ. 171 ಸಂಪುಟ, ಆವರಣದಲ್ಲಿರುವುದು ಸಂಚಿಕೆ, ಕೊನೆಯದು ಪುಟಗಳು. ಪತ್ರಿಕೆಯ ಹೆಸರು ಮತ್ತು ಸಂಪುಟ ಓರೆ ಅಕ್ಷರದಲ್ಲಿ, ಲೇಖನದ ಶೀರ್ಷಿಕೆ ನೇರ ಅಕ್ಷರದಲ್ಲಿ. ಐಇಇಇ ಪ್ರಕಾರವಾದರೆ ಹೆಸರಿನ ಮೊದಲಕ್ಷರಗಳು ಮುಂದೆ ಬರುತ್ತವೆ, ಲೇಖನದ ಶೀರ್ಷಿಕೆ ಉದ್ಧರಣ ಚಿಹ್ನೆಯೊಳಗೆ ಹೋಗುತ್ತದೆ, ವರ್ಷ ಕೊನೆಗೆ ಸರಿಯುತ್ತದೆ. ಲೇಖಕ-ವರ್ಷ ಪದ್ಧತಿಯಲ್ಲಿ ಪಟ್ಟಿ ಅಕಾರಾದಿಯಾಗಿ, ಐಇಇಇ ಮತ್ತು ವ್ಯಾಂಕೂವರ್‌ಗಳಲ್ಲಿ ಪಠ್ಯದಲ್ಲಿ ಮೊದಲು ಕಾಣಿಸಿಕೊಂಡ ಕ್ರಮದಲ್ಲಿ.

ಸಂಪಾದಿತ ಗ್ರಂಥದ ಒಂದು ಅಧ್ಯಾಯವನ್ನು ಬಳಸಿದಾಗ ಮುಂದೆ ಬರಬೇಕಾದದ್ದು ಅಧ್ಯಾಯ ಬರೆದವರ ಹೆಸರು. ಸಂಪಾದಕರ ಹೆಸರು ಗ್ರಂಥದ ಜೊತೆಗೆ, ಆಮೇಲೆ. ಇಡೀ ಗ್ರಂಥದ ಶ್ರೇಯಸ್ಸನ್ನು ಸಂಪಾದಕರಿಗೆ ಕೊಟ್ಟು ಬರೆದವರನ್ನು ಅಳಿಸಿಹಾಕುವುದು ಬಹಳ ಕಡೆ ಕಾಣುವ ತಪ್ಪು.

ಹೆಸರುಗಳ ವಿಷಯದಲ್ಲಿ ಮನಸ್ಸಿಟ್ಟು ನೋಡಿ. ಈ ಶೈಲಿಗಳೆಲ್ಲ "ಕೊನೆಯಲ್ಲಿ ಬರುವುದು ಮನೆತನದ ಹೆಸರು" ಎಂದು ಊಹಿಸಿಕೊಂಡೇ ಹುಟ್ಟಿದವು. ಜಗತ್ತಿನ ಎಷ್ಟೋ ಹೆಸರುಗಳು ಹಾಗಿಲ್ಲ. ಗೇಬ್ರಿಯಲ್ ಗಾರ್ಸಿಯ ಮಾರ್ಕ್ವೆಜ್ ಅವರನ್ನು ಗಾರ್ಸಿಯ ಎಂಬಲ್ಲಿಂದ ಪಟ್ಟಿಮಾಡಬೇಕು, ಮಾರ್ಕ್ವೆಜ್ ಎಂಬಲ್ಲಿಂದಲ್ಲ. ಚೀನೀ ಹೆಸರುಗಳಲ್ಲಿ ಮನೆತನದ ಹೆಸರು ಮೊದಲೇ ಬರುತ್ತದೆ. ಐಸ್‌ಲ್ಯಾಂಡಿನವರಿಗೆ ಬಹುಪಾಲು ಮನೆತನದ ಹೆಸರೇ ಇಲ್ಲ, ಕೊನೆಯದು ತಂದೆಯ ಅಥವಾ ತಾಯಿಯ ಹೆಸರಿನಿಂದ ಬಂದದ್ದು. ಮುಂದೆ ಇನಿಷಿಯಲ್‌ಗಳು, ಆಮೇಲೆ ಒಂದೇ ಹೆಸರು ಇರುವವರೂ ಇದ್ದಾರೆ. ಅನುಮಾನ ಬಂದಾಗ ಆ ಲೇಖಕರು ತಮ್ಮ ಬೇರೆ ಪ್ರಕಟಣೆಗಳಲ್ಲಿ ತಮ್ಮನ್ನು ಹೇಗೆ ಉಲ್ಲೇಖಿಸಿಕೊಂಡಿದ್ದಾರೆ ಎಂದು ನೋಡಿ. ಸಂಶೋಧಕರಿಗೆ ಒಬ್ಬೊಬ್ಬರಿಗೂ ಬೇರೆಯಾಗಿ ಕೊಡುವ ಆರ್ಕಿಡ್ (ORCID) ಗುರುತುಸಂಖ್ಯೆ ಇದ್ದರೆ ಅಲ್ಲಿ ತಿಳಿಯುತ್ತದೆ. ಒಬ್ಬರ ಹೆಸರನ್ನು ತಪ್ಪಾಗಿ ಮುರಿದರೆ ಅವರ ಕೆಲಸ ಹುಡುಕಾಟದಲ್ಲಿ ಎರಡು ಪಾಲಾಗಿ ಚದುರುತ್ತದೆ.

ಪ್ರಬಂಧ ಒಂದು ಭಾಷೆಯಲ್ಲಿ, ಆಕರ ಇನ್ನೊಂದರಲ್ಲಿ ಇದ್ದರೆ ಶೀರ್ಷಿಕೆಯನ್ನು ಮೂಲದಲ್ಲಿದ್ದಂತೆ ಕೊಟ್ಟು, ಚೌಕ ಆವರಣದಲ್ಲಿ ಅರ್ಥ ಬರೆಯುವುದು ಎಪಿಎ ರೂಢಿ. ಅನುವಾದವನ್ನು ಓದಿದ್ದರೆ ಅನುವಾದಕರ ಹೆಸರಿಲ್ಲದ ಉಲ್ಲೇಖ ಅರ್ಧ ಉಲ್ಲೇಖ. ಉದ್ಧರಣೆಯನ್ನು ನೀವೇ ಅನುವಾದಿಸಿದ್ದರೆ ಅದನ್ನೂ ಹೇಳಿ.

ಡಿಒಐ ಎಂಬುದು 2000ದ ಸುಮಾರಿಗೆ ಬಳಕೆಗೆ ಬಂದ ಶಾಶ್ವತ ಗುರುತು. ಯಾವಾಗಲೂ 10 ಎಂದು ಶುರುವಾಗುತ್ತದೆ. ನೇಚರ್ ಪತ್ರಿಕೆಯ ಲೇಖನಗಳಲ್ಲಿ 10.1038 ಎಂದು ಕಾಣುತ್ತೀರಿ. ಪ್ರಕಾಶಕರು ಜಾಲತಾಣ ಬದಲಿಸಿದರೂ ಇದು ಲೇಖನಕ್ಕೆ ಕರೆದೊಯ್ಯುತ್ತದೆ. ಡಿಒಐ ಇದ್ದಾಗ ಬೇರೆ ಕೊಂಡಿ ಬೇಡ.

ಇಲ್ಲದಿದ್ದಾಗ ತೊಂದರೆ. 2014ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಸಂಶೋಧಕರು ನೋಡಿದಾಗ, ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿ ಕೊಟ್ಟಿದ್ದ ಜಾಲಕೊಂಡಿಗಳಲ್ಲಿ ಸುಮಾರು ಅರ್ಧದಷ್ಟು ಮೂಲ ಮಾಹಿತಿಯನ್ನು ತೋರಿಸುತ್ತಿರಲಿಲ್ಲ. ದೇಶದ ಅತ್ಯುನ್ನತ ನ್ಯಾಯಾಲಯದ ಆಕರಗಳ ಗತಿಯೇ ಹೀಗಾದರೆ ನಮ್ಮ ಪ್ರಬಂಧಗಳದ್ದು ಹೇಳಬೇಕಿಲ್ಲ. ಆದ್ದರಿಂದ ಜಾಲಪುಟವನ್ನು ಉಲ್ಲೇಖಿಸುವ ದಿನವೇ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಅದರ ಪ್ರತಿಯನ್ನು ಉಳಿಸಿ, ಆ ಕೊಂಡಿಯನ್ನೂ ಕೊಡಿ. ನೋಡಿದ ದಿನಾಂಕ ಬರೆಯಿರಿ. ಪುಟಸಂಖ್ಯೆ ಇಲ್ಲದ ಕಡೆ ಪ್ಯಾರಾ ಸಂಖ್ಯೆ ಅಥವಾ ಉಪಶೀರ್ಷಿಕೆ ಹೇಳಿ. ಬರೆದವರ ಹೆಸರಿಲ್ಲದಿದ್ದರೆ ಪ್ರಕಟಿಸಿದ ಸಂಸ್ಥೆಯನ್ನು ಲೇಖಕ ಎಂದು ಇಡಬಹುದು.

ಪ್ರಿಪ್ರಿಂಟ್, ಅಂದರೆ ಪತ್ರಿಕೆಯ ಪರಿಶೀಲನೆಗೆ ಮುಂಚೆಯೇ ಜಾಲದಲ್ಲಿ ಹಾಕಿದ ಲೇಖನ, ಬಳಸಿದರೆ ಅದು ಪ್ರಿಪ್ರಿಂಟ್ ಎಂದು ಬರೆಯಿರಿ, ಯಾವ ಪರಿಷ್ಕರಣೆ ಎಂದೂ ಬರೆಯಿರಿ. ಅಷ್ಟರಲ್ಲಿ ಅದು ಪತ್ರಿಕೆಯಲ್ಲಿ ಬಂದಿದ್ದರೆ ಪ್ರಕಟಿತ ರೂಪವನ್ನು ಓದಿ ಅದನ್ನೇ ಉಲ್ಲೇಖಿಸಿ, ತೀರ್ಮಾನ ಬದಲಾಗಿರಲೂಬಹುದು. ದತ್ತಾಂಶ ಮತ್ತು ಸಾಫ್ಟ್‌ವೇರ್ ಕೂಡ ಆಕರಗಳೇ. ಅವುಗಳ ಹೆಸರಿನ ಜೊತೆ ಆವೃತ್ತಿ ಸಂಖ್ಯೆ ಬೇಕೇಬೇಕು.

## ಯಂತ್ರಗಳ ನೆರವು

ಆಕರಗಳ ವಿವರ ಕೂಡಿಟ್ಟು ಪಟ್ಟಿ ಮಾಡಿಕೊಡುವ ಜೊಟೆರೊ, ಮೆಂಡೆಲೆ, ಎಂಡ್‌ನೋಟ್‌ನಂಥ ಸಾಧನಗಳನ್ನು ಧಾರಾಳವಾಗಿ ಬಳಸಿ. 2006ರಲ್ಲಿ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಜೊಟೆರೊ ಉಚಿತ, ಮುಕ್ತ ತಂತ್ರಾಂಶ. ಶೈಲಿ ಬದಲಾದರೆ ಇಡೀ ಪಟ್ಟಿ ಕ್ಷಣದಲ್ಲಿ ಬದಲಾಗುತ್ತದೆ. ಆದರೆ ಒಳಗೆ ಹಾಕಿದ ವಿವರ ಸರಿಯಿದೆಯೇ ಎಂದು ಅದಕ್ಕೆ ಗೊತ್ತಿಲ್ಲ. ಬ್ರೌಸರಿನಿಂದ ಒಂದು ಗುಂಡಿ ಒತ್ತಿ ಸೇರಿಸಿದ ಆಕರದಲ್ಲಿ ಸಂಚಿಕೆ ಬಿಟ್ಟುಹೋಗಿರಬಹುದು, ಸಂಸ್ಥೆಯ ಹೆಸರು ವ್ಯಕ್ತಿಯ ಹೆಸರಿನಂತೆ ಎರಡು ತುಂಡಾಗಿರಬಹುದು, ಜಾಲತಾಣದ ಹೆಸರೇ ಲೇಖಕರ ಜಾಗದಲ್ಲಿ ಕೂತಿರಬಹುದು. ಸೇರಿಸಿದ ಕೂಡಲೇ ಆಕರವನ್ನು ಎದುರಿಟ್ಟು ಒಮ್ಮೆ ತಿದ್ದಿದರೆ ಮುಂದೆ ಎಷ್ಟು ಪ್ರಬಂಧ ಬರೆದರೂ ಅದು ಸರಿಯಾಗಿ ಬರುತ್ತದೆ.

ಚಾಟ್‌ಜಿಪಿಟಿಯಂಥ ಭಾಷಾಮಾದರಿಗಳನ್ನು ಆಕರ ಕೊಡಿ ಎಂದು ಕೇಳಬೇಡಿ, ಕೇಳಿದರೂ ಪರಿಶೀಲಿಸದೆ ಬಳಸಬೇಡಿ. ನಿಜವಾದ ಲೇಖಕರ ಹೆಸರು, ನಿಜವಾದ ಪತ್ರಿಕೆ, ನಂಬುವಂಥ ಶೀರ್ಷಿಕೆ ಎಲ್ಲ ಸೇರಿಸಿ ಇಲ್ಲದ ಲೇಖನವನ್ನು ಅವು ಹೆಣೆದುಕೊಡುತ್ತವೆ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯಕ್ಕೆ ಇಬ್ಬರು ವಕೀಲರು ಹೀಗೆ ಸಿಕ್ಕಿದ, ಇಲ್ಲವೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿ ಸಲ್ಲಿಸಿದಾಗ ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಇಲ್ಲದ ಆಕರ ಹಬ್ಬುವುದಕ್ಕೆ ಯಂತ್ರವೇ ಬೇಕಿಲ್ಲ ಎನ್ನುವುದೂ ನಿಜ: ದೊಡ್ಡ ಪ್ರಕಾಶನ ಸಂಸ್ಥೆಯೊಂದು ಲೇಖಕರಿಗೆ ಮಾದರಿಯಾಗಲಿ ಎಂದು ಕೊಟ್ಟಿದ್ದ ಕಾಲ್ಪನಿಕ ಉಲ್ಲೇಖವೊಂದು ನೂರಾರು ನಿಜ ಪ್ರಬಂಧಗಳ ಪಟ್ಟಿಗೆ ನುಸುಳಿದ್ದನ್ನು ಆನ್-ವಿಲ್ ಹಾರ್ಜಿಂಗ್ ಎಂಬ ಪ್ರಾಧ್ಯಾಪಕರು ತೋರಿಸಿಕೊಟ್ಟಿದ್ದಾರೆ.

## ಒಪ್ಪಿಸುವ ಮುನ್ನ

ಎರಡು ದಿನ ಇದಕ್ಕೆಂದೇ ಇಟ್ಟುಕೊಳ್ಳಿ. ಮೊದಲು ಪ್ರಬಂಧದ ಪ್ರತಿಯೊಂದನ್ನು ಅಚ್ಚು ಹಾಕಿಸಿ, ಪಠ್ಯದಲ್ಲಿ ಬಂದ ಪ್ರತಿ ಉಲ್ಲೇಖಕ್ಕೂ ಕೊನೆಯ ಪಟ್ಟಿಯಲ್ಲಿ ಜೋಡಿ ಇದೆಯೇ ಎಂದು ಪೆನ್ಸಿಲಿನಿಂದ ಗುರುತು ಹಾಕುತ್ತ ಹೋಗಿ. ಆಮೇಲೆ ಪಟ್ಟಿಯಿಂದ ಪಠ್ಯಕ್ಕೆ ಹಿಂತಿರುಗಿ. ಪಠ್ಯದಲ್ಲಿ 1998, ಪಟ್ಟಿಯಲ್ಲಿ 1989 ಎಂಬಂಥವು ಆಗ ಕಣ್ಣಿಗೆ ಬೀಳುತ್ತವೆ. ಪ್ರತಿ ಡಿಒಐ ಮತ್ತು ಪ್ರತಿ ಕೊಂಡಿಯನ್ನು ತೆರೆದು ನೋಡಿ.

ಬಳಿಕ, ನಿಮ್ಮ ಆಕರಗಳಲ್ಲಿ ಯಾವುದಾದರೂ, ನಂಬಲರ್ಹವಲ್ಲ ಎಂದು ಪತ್ರಿಕೆ ಹಿಂತೆಗೆದುಕೊಂಡ ಲೇಖನವೇ ಎಂದು ಹುಡುಕಿ. ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ 1998ರ ಲೇಖನವನ್ನು ದಿ ಲ್ಯಾನ್ಸೆಟ್ 2010ರಲ್ಲಿ ಹಿಂತೆಗೆದುಕೊಂಡಿತು. ಹಿಂತೆಗೆದ ಮೇಲೂ ಅದನ್ನು ಉಲ್ಲೇಖಿಸುವುದು ನಿಲ್ಲಲಿಲ್ಲ. ಹಿಂತೆಗೆದ ಲೇಖನಗಳ ಮೇಲೆ ಕಣ್ಣಿಟ್ಟಿರುವ ರಿಟ್ರ್ಯಾಕ್ಷನ್ ವಾಚ್ ಸಂಗ್ರಹಿಸಿದ ದತ್ತಾಂಶವನ್ನು, ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ 2023ರಿಂದ ಎಲ್ಲರಿಗೂ ಮುಕ್ತವಾಗಿಸಿದೆ, ಜೊಟೆರೊ ಅದನ್ನು ನೋಡಿ ತಾನಾಗಿಯೇ ಎಚ್ಚರಿಸುತ್ತದೆ. ಹಿಂತೆಗೆದ ಲೇಖನದ ಬಗ್ಗೆಯೇ ನೀವು ಚರ್ಚಿಸುತ್ತಿದ್ದರೆ ಉಲ್ಲೇಖಿಸಬಹುದು, ಹಿಂತೆಗೆದದ್ದೆಂದು ಅಲ್ಲೇ ಬರೆಯಬೇಕು.

ಕೊನೆಗೆ ಕಷ್ಟದ ಕೆಲಸ. ನಿಮ್ಮ ವಾದ ಯಾವ ವಾಕ್ಯಗಳ ಮೇಲೆ ನಿಂತಿದೆಯೋ ಅವುಗಳನ್ನು ಆರಿಸಿ, ಪ್ರತಿಯೊಂದರ ಆಕರವನ್ನು ಮತ್ತೆ ತೆರೆದು ಆ ಪುಟ ಓದಿ. ಎಷ್ಟು ಜನರ ಮೇಲೆ ನಡೆದ ಅಧ್ಯಯನ, ಎಂಥವರ ಮೇಲೆ, ಲೇಖಕರು "ಇರಬಹುದು" ಎಂದಿದ್ದಾರೋ "ಇದೆ" ಎಂದಿದ್ದಾರೋ ಎಂದು ನೋಡಿ, ನಿಮ್ಮ ವಾಕ್ಯ ಅದಕ್ಕಿಂತ ಜೋರಾಗಿದ್ದರೆ ತಗ್ಗಿಸಿ. ಆಕರ ಎಷ್ಟು ಹುಡುಕಿದರೂ ಸಿಗದಿದ್ದರೆ, ಅಥವಾ ಸಿಕ್ಕಿಯೂ ಅಲ್ಲಿ ಆ ಮಾತು ಇಲ್ಲದಿದ್ದರೆ, ಬೇರೆ ಆಕರ ಹುಡುಕಿ. ಅದೂ ಸಿಗದಿದ್ದರೆ ಆ ವಾಕ್ಯವನ್ನು ಪ್ರಬಂಧದಿಂದ ತೆಗೆದುಹಾಕಿ, ಅದರ ಮೇಲೆ ನಿಂತಿದ್ದ ಪ್ಯಾರಾವನ್ನು ಹೊಸದಾಗಿ ಬರೆಯಿರಿ.